ಕಾಡಿಗೆರಾಯ ಮತ್ತು ಚುಕ್ಕೆಜೋಳ

ಬಹಳ ಹಿಂದಿನ ಮಾತು. ತೆನೆಪುರವೆಂಬ ರಾಜ್ಯದಲ್ಲಿ ಕಣ್ಣು ಹಾಯುವಷ್ಟು ದೂರ ಜೋಳವೇ ಜೋಳ. ಅಲ್ಲಿ ಅರಸನ ಬೀಜದ ಕಣಜ ಕಾಯುತ್ತಿದ್ದವಳು ತುಂಗವ್ವ.

ಒಂದು ವರ್ಷ ಪೈರು ಎಂದೂ ಇಲ್ಲದಷ್ಟು ಹಸಿರಾಗಿ ಬೆಳೆಯಿತು. ಜನ ಹಿಗ್ಗಿದರು. ತೆನೆ ಒಡೆದ ದಿನ ನೋಡಿದರೆ ಕಾಳಿಲ್ಲ, ಬರೀ ಕಪ್ಪು ಹುಡಿ. ಗಾಳಿ ಬೀಸಿತು, ಹುಡಿ ಹಾರಿತು, ತೆನೆಗಳೊಳಗೆ ಯಾರೋ ಮೆಲ್ಲಗೆ ನಕ್ಕರು. ಅವನು ಕಾಡಿಗೆರಾಯ, ಸ್ವಂತ ಮೈಯಿಲ್ಲದ ಮಾಂತ್ರಿಕ. ಜೀವವಿದ್ದುದರ ಒಳಹೊಕ್ಕು ಅದನ್ನೇ ಉಂಡು ಬದುಕುವವನು.

ಹಾರಿದ ಹುಡಿ ಉಸಿರಿನ ಜೊತೆ ಒಳಹೊಕ್ಕು ಅರಸ ಸೋಮಭೂಪನ ನರೆಗೂದಲು ಕಪ್ಪಾಯಿತು, ಕೆನ್ನೆ ತುಂಬಿತು. ಮಾತಾಡಿದರೆ ಮಾತ್ರ ಬಾಯಿಂದ ಹುಡಿ ಉದುರುತ್ತಿತ್ತು.

"ತುಂಗವ್ವ, ನನಗೆ ಒಂದಿಷ್ಟೂ ನೋವಿಲ್ಲ. ಅದಕ್ಕೇ ಹೆದರಿಕೆ," ಅಂದ.

ತುಂಗವ್ವ ಹೊಲಕ್ಕೆ ನಡೆದಳು. ಎಲ್ಲಕ್ಕಿಂತ ಎತ್ತರದ ದಂಟನ್ನು ಕೇಳಿದಳು, "ಅವನು ಬಂದಾಗ ಏನು ಮಾಡಿದೆ?"

"ನೆಂಟನೆಂದು ಉಣಿಸಿದೆ," ಅಂದಿತು ದಂಟು. ಅದರ ತಲೆ ಪೂರ್ತಿ ಕಪ್ಪು.

ಗಂಟುಗಂಟಾಗಿ ಊದಿದ ಎರಡನೆಯದು, "ಹೋರಾಡಿದೆ, ಆದರೆ ತಡವಾಗಿ," ಅಂದಿತು.

ಬದುವಿನ ಮೂಲೆಯಲ್ಲಿ ಮೂರನೆಯದೊಂದು ಗಿಡ್ಡ ದಂಟು. ಎಲೆ ತುಂಬ ಒಣಚುಕ್ಕೆ, ತೆನೆ ತುಂಬ ಬಿಳಿ ಕಾಳು.

"ಅವನು ಹೊಕ್ಕ ಜಾಗವನ್ನು ನಾನೇ ಸಾಯಿಸಿದೆ. ಸತ್ತದ್ದನ್ನು ಅವನು ಉಣ್ಣಲಾರ," ಅಂದಿತು ಅದು. "ನನ್ನ ರಸ ನೆಕ್ಕು. ಮೈಯಲ್ಲಿ ಯಾವುದು ಸಾಯಲಿ ಅಂತೀಯೋ ಅದು ಸಾಯುತ್ತದೆ. ಮತ್ತೆ ಬದುಕುವುದಿಲ್ಲ."

ತುಂಗವ್ವ ನೆಕ್ಕಿದಳು. ಎಡಗೈ ಚಾಚಿ ಕರೆದಳು, "ಕಾಡಿಗೆರಾಯ, ರಾಜ್ಯದ ಬೀಜವೆಲ್ಲ ನನ್ನ ಕೈಲಿದೆ. ಪೂರ್ತಿಯಾಗಿ ಬಂದರೆ ಎಲ್ಲ ನಿನ್ನದು."

ನಡುಹಗಲು ಮಬ್ಬಾಯಿತು. ಹೊಲಗಳ ಹುಡಿ, ಅರಸನೊಳಗಿನ ಹುಡಿ, ಎಲ್ಲ ಒಂದಾಗಿ ಅವಳ ಕಿರುಬೆರಳಿನೊಳಗೆ ಇಳಿಯಿತು. ಬೆರಳಷ್ಟೇ ಸಾಯಲಿ ಅನ್ನಬೇಕೆಂದಿದ್ದಳು. ಆದರೆ ಹತ್ತು ವರ್ಷದ ಮಂಡಿನೋವು ಥಟ್ಟನೆ ಹೋಯಿತು. ಮೈಗೆ ಹದಿನಾರರ ಹಗುರ ಬಂತು.

"ಹಾಯಾಗಿದೆಯಾ?" ರಕ್ತದೊಳಗಿಂದ ಅವನು ಕೇಳಿದ.

"ಹಾಯಾಗಿದೆ," ಅಂದಳು ತುಂಗವ್ವ. ಅಷ್ಟರಲ್ಲಿ ಅವನು ಮಣಿಕಟ್ಟು ದಾಟಿದ್ದ.

ಅವಳು ಕಣ್ಣುಮುಚ್ಚಿ, "ಮೊಣಕೈಯಿಂದ ಕೆಳಗೆ ಸಾಯಲಿ," ಅಂದಳು.

ಕೈ ಒಣದಂಟಾಯಿತು. ಒಳಗೆ ಅವನು ಮೂರು ದಿನ ಹಸಿದು ಪರಚಿದ, ಬೇಡಿದ, ಅತ್ತ. ನಾಲ್ಕನೆಯ ದಿನ ಸದ್ದಡಗಿತು. ಕೈ ಉದುರಿ ಬಿತ್ತು. ತುಂಗವ್ವ ಅದನ್ನು ಸುಟ್ಟಳು.

ಅರಸನ ತಲೆ ಮತ್ತೆ ನರೆಯಿತು. ಅವನು ಕನ್ನಡಿ ನೋಡಿಕೊಂಡು ಸಮಾಧಾನದಿಂದ ನಕ್ಕ. ಚುಕ್ಕೆಜೋಳದ ಬೀಜ ಊರೂರಿಗೆ ಹೋಯಿತು, ತೆನೆಪುರದವರು ಉಂಡು ಸುಖವಾಗಿ ಬಾಳಿದರು. ಒಂಟಿ ಕೈಯಲ್ಲಿ ರೊಟ್ಟಿ ತಟ್ಟಲಾಗದ ತುಂಗವ್ವನಿಗೆ ದಿನಕ್ಕೊಂದು ಮನೆಯಿಂದ ಬಿಸಿರೊಟ್ಟಿ ಬರುತ್ತಿತ್ತು.