ಬೋರಲು ತಂಬಿಗೆ

"ಕಲಬುರ್ಗಿಯವ್ರಿಗೆ ಜಾಗಾ ಇಲ್ಲ!"

ಅಣವೀರಪ್ಪ ಬಾಗಿಲಿಗೆ ಅಡ್ಡ ನಿಂತು ಕೂಗಿದ. ಅಂಗಳದಲ್ಲಿ ಬಟ್ಟೆಯ ಗಂಟು ಹೊತ್ತು ನಿಂತಿದ್ದ ತರುಣನಿಗೆ ಗುಡ್ಡ ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

"ನನಗ ಜ್ವರ ಇಲ್ರೀ. ಬೇಕಾದ್ರ ಮುಟ್ಟಿ ನೋಡ್ರಿ."

"ಮುಟ್ಟು ಅಂತೀಯೇನೋ ತಮ್ಮಾ! ಊರಾಗ ಗಡ್ಡಿ ಬ್ಯಾನಿ ಎದ್ದದ!"

ನಿಜಾಮರ ಆಳ್ವಿಕೆಯ ಆ ವರ್ಷ ಪ್ಲೇಗು ಕಲಬುರ್ಗಿಯ ಓಣಿಗಳನ್ನು ಖಾಲಿ ಮಾಡುತ್ತಿತ್ತು. ಅಣವೀರಪ್ಪನ ಭಯ ಸುಳ್ಳಲ್ಲ.

ಒಳಗಿನಿಂದ ಮಗಳು ನೀಲಗಂಗಮ್ಮ ಬಂದಳು. ಕೈಯಲ್ಲಿ ತುಂಬಿದ ತಂಬಿಗೆ.

"ಮೂರೂ ಖೋಲಿ ಖಾಲಿ ಅವ, ಅಪ್ಪಾ. ಶಿವನ ಮುಂದ ನಿಂತು ಜಾಗಾ ಇಲ್ಲ ಅಂತೀಯೇನು?"

ಅಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದ. ತರುಣ ಕೈ ಚಾಚಿದ. ತಂಬಿಗೆ ಕೊಡುವಾಗ ಬೆರಳು ತಾಗಿತು... ಪ್ಲೇಗಿಗೆ ಹೆದರದ ಹುಡುಗಿ ಆ ಬೆರಳಿಗೆ ಹೆದರಿದಳು!

ಅವನ ಹೆಸರು ಸಾಯಬಣ್ಣ. ಕಲಬುರ್ಗಿಯ ಜಗತ್ ಓಣಿಯಲ್ಲಿ ಬಟ್ಟೆಯ ಸಣ್ಣ ಅಂಗಡಿ. "ಸತ್ತರೂ ಈ ಮನಿ ಬಿಡಂಗಿಲ್ಲ, ನೀನರ ಉಳಿ" ಎಂದು ತಾಯಿಯೇ ಅವನನ್ನು ಗುಡ್ಡಕ್ಕೆ ಅಟ್ಟಿದ್ದಳು.

ಹೈದರಾಬಾದಿನಿಂದ ಬರುವ ದೊಡ್ಡವರಿಗೆ ಕಲಬುರ್ಗಿಯಲ್ಲಿ ನಿಜಾಮರ ಅತಿಥಿಗೃಹ ಐವಾನ್-ಎ-ಶಾಹಿ ಇತ್ತು. ಗಾಡಿಯವರಿಗೂ ಚಿಲ್ಲರೆ ವ್ಯಾಪಾರಿಗಳಿಗೂ ಕಮಲಾಪುರದ ಗುಡ್ಡದ ಮೇಲಿನ ಅಣವೀರಪ್ಪನ ಮನೆಯೇ ಗತಿ. ಒಂದು ಕಂಬಳಿ, ಬಿಸಿ ರೊಟ್ಟಿ, ಜೊತೆಗೆ ಆ ಮನೆಯವರ ಜಗಳ ಕೇಳುವ ಭಾಗ್ಯ.

ಆ ಮನೆಗೊಂದು ಕಟ್ಟಳೆಯಿತ್ತು. ಇಳಿದವನಿಗೆ ಒಂದು ತಂಬಿಗೆ. ಹೊರಗೆ ಹೋಗುವಾಗ ಅದನ್ನು ತುಂಬಿ ಹೊಸ್ತಿಲಲ್ಲಿ ಇಟ್ಟರೆ ಅವನು ಮರಳಿ ಬರುತ್ತಾನೆ, ಆ ಜಾಗ ಬೇರೆಯವರಿಗಿಲ್ಲ. ಬೋರಲು ಹಾಕಿದರೆ ಅನ್ನದ ಋಣ ತೀರಿತು, ಮತ್ತೆ ಬರುವುದಿಲ್ಲ. ಒಮ್ಮೆ ಪೊಲೀಸ್ ಅಮೀನಸಾಹೇಬರೇ ಕುದುರೆ ಇಳಿದು ಗದರಿದರೂ, ಸಂತೆಗೆ ಹೋಗಿದ್ದ ಗಾಡಿ ನಬಿಸಾಬನ ತಂಬಿಗೆ ನಿಂತಿದೆಯೆಂದು ಅಣವೀರಪ್ಪ ಖೋಲಿ ಬಿಟ್ಟುಕೊಟ್ಟಿರಲಿಲ್ಲ.

ಇದು ಗುಡ್ಡದ ಸುತ್ತ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಸಾಯಬಣ್ಣನಿಗೆ ಯಾರೂ ಹೇಳಲಿಲ್ಲ. ಯಾವ ಹಳ್ಳಿಯೂ ಅವನನ್ನು ಒಳಗೆ ಬಿಡದ ಕಾಲ. ಅವನು ಮನೆ ಬಿಟ್ಟು ಕದಲಿದ್ದೂ ಇಲ್ಲ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಅವನೆಂದ, "ಬ್ಯಾನಿ ಇಳಿದ ಮ್ಯಾಲ ಅವ್ವನ್ನ ಕರ್ಕೊಂಡು ಬರ್ತೀನಿ. ಆಕಿನೇ ನಿಮ್ಮಪ್ಪಗ ಕೇಳ್ತಾಳ."

"ಏನಂತ?"

"ಈ ಮನ್ಯಾಗ ನನ್ನ ಮಗಗ ಕಾಯಮ್ ಜಾಗಾ ಅದ ಏನ್ರೀ, ಅಂತ."

ನೀಲಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಬೇನೆ ಇಳಿಯಲಿಲ್ಲ. ಸಾಯಬಣ್ಣನ ತಾಯಿಗೆ ಜ್ವರವೆಂದು ನಬಿಸಾಬ ಸುದ್ದಿ ತಂದ ಬೆಳಿಗ್ಗೆ ನೀಲಗಂಗಮ್ಮ ಬಾವಿಗೆ ಹೋಗಿದ್ದಳು. ತಿರುಗಿ ಬಂದಾಗ ಖೋಲಿ ಬರಿದು. ಹೊಸ್ತಿಲಲ್ಲಿ ತಂಬಿಗೆ... ಬೋರಲು!

"ಬರ್ತೀನಿ ಅಂದಾನಲ್ಲವ್ವಾ," ಎಂದಳು ತಾಯಿ ಶಿವಕಾಂತಮ್ಮ.

ಬರುತ್ತೇನೆ ಎನ್ನದೆ ಹೊರಟವರು ಈ ಸೀಮೆಯಲ್ಲಿ ಯಾರಿದ್ದಾರೆ? ಮಾತು ಎಲ್ಲರದೂ ಒಂದೇ. ತಂಬಿಗೆ ಸುಳ್ಳು ಹೇಳುವುದಿಲ್ಲ...

ಅದನ್ನು ಎತ್ತಿಡಲು ಮಾತ್ರ ಅವಳು ಯಾರಿಗೂ ಬಿಡಲಿಲ್ಲ.

ಆಮೇಲೆ ಗಾಡಿಗಳೂ ಬರಲಿಲ್ಲ. ಅವನು ಸತ್ತಿದ್ದರೆ? ಬದುಕಿರಲಿ ಎಂದು ಬೇಡಿಕೊಂಡರೆ, ಬೇಕೆಂದೇ ತನ್ನನ್ನು ಬಿಟ್ಟು ಹೋದನೆಂದು ಒಪ್ಪಿದಂತೆ. ಆದರೂ ನೀಲಗಂಗಮ್ಮ ಅದನ್ನೇ ಬೇಡಿದಳು. ಬೇಡಿ, ಅಳುತ್ತಿದ್ದಳು.

ಮಹಾಗಾಂವದ ತೊಗರಿ ವ್ಯಾಪಾರಿ ದೌಲಪ್ಪನ ಸಂಬಂಧ ಬಂತು. ಹೆಂಡತಿ ತೀರಿಕೊಂಡವನು. ಹುಡುಗಿಯನ್ನು ಒಮ್ಮೆ, ಹಟ್ಟಿಯ ಎತ್ತುಗಳನ್ನು ಎರಡು ಸಲ ನೋಡಿ ಹೋದ.

"ಹೂಂ ಅನ್ನಲೇನವ್ವಾ?" ಅಪ್ಪ ಕೇಳಿದ.

"ಅನ್ನು." ಬತ್ತಿದ ಬಾವಿಯೊಳಗಿಂದ ಬಂದಂತಿತ್ತು ದನಿ.

ಎಲೆ-ಅಡಿಕೆ ಶಾಸ್ತ್ರದ ದಿನ ಬಂತು. ಮಹಾಗಾಂವದ ಗಾಡಿಯ ಗೆಜ್ಜೆ ಏರಿನಲ್ಲಿ ಕೇಳುತ್ತಿತ್ತು. ಅಷ್ಟರಲ್ಲಿ ಅಂಗಳಕ್ಕೆ ಬಂದವನು ಬೇರೆಯೇ ಒಬ್ಬ. ಗುಳಿಬಿದ್ದ ಕಣ್ಣು, ಎಲುಬು ಎದ್ದ ಭುಜ.

"ಜಾಗಾ ಅದ ಏನ್ರೀ?"

ನೀಲಗಂಗಮ್ಮ ಕೈಯ ಕುಂಕುಮದ ಬಟ್ಟಲು ಕೆಳಗಿಟ್ಟಳು. ಬದುಕಿದ್ದಾನೆ! ಮರುಕ್ಷಣವೇ ಸಿಟ್ಟು.

"ತಂಬಗಿ ಡಬ್ಬ ಹಾಕಿ ಹೋದವ್ರಿಗೆ ಈ ಮನ್ಯಾಗ ಜಾಗಾ ಇಲ್ರೀ!"

ಸಾಯಬಣ್ಣ ಪಿಳಿಪಿಳಿ ನೋಡಿದ. "ಡಬ್ಬ ಹಾಕದ ಮತ್ತ? ನೀನು ಕೊಟ್ಟ ತಂಬಗಿ... ಧೂಳು ಬೀಳಬಾರದಂತ ತೊಳದು ಡಬ್ಬ ಹಾಕಿದ್ದೆ. ನಮ್ಮ ಅವ್ವ ಹಂಗೇ ಕಲಿಸ್ಯಾಳ..."



"ಶಿವನೇ! ಈ ಹುಡುಗಗ ಯಾರೂ ಹೇಳೇ ಇಲ್ಲೇನ್ರೀ?" ಎಂದಳು ಶಿವಕಾಂತಮ್ಮ, ಗಂಡನತ್ತ ತಿರುಗಿ.

"ಅವ್ವ ಹೋದಳು," ಸಾಯಬಣ್ಣ ಮುಂದುವರಿಸಿದ. "ಆಮ್ಯಾಲ ನನಗೂ ಜ್ವರ ಬಂತು. ಊರ ಹೊರಗ ಗುಡಿಸಲದಾಗ ಹಾಕಿದ್ರು, ಬಿಡಲಿಲ್ಲ. ಹೆಣ್ಣು ಕೇಳಾಕ ಹಿರಿಯರು ಬೇಕು, ಗೊತ್ತದ್ರೀ... ನನಗ ಈಗ ಯಾರೂ ಇಲ್ಲ. ಅದಕ್ಕ ನಾನೇ ಕೇಳಾಕತ್ತೀನಿ."

ಗೆಜ್ಜೆ ಸದ್ದು ಅಂಗಳದ ಬೇಲಿಯವರೆಗೆ ಬಂತು. ಅಣವೀರಪ್ಪ ತಲೆ ತಗ್ಗಿಸಿದ. "ಮಾತು ಕೊಟ್ಟೀನಿ ತಮ್ಮಾ..."

ನೀಲಗಂಗಮ್ಮ ಹೊಸ್ತಿಲಿಗೆ ನಡೆದಳು. ಬೋರಲು ತಂಬಿಗೆ ಎತ್ತಿದಳು. ನೆಲದಲ್ಲಿ ಅದರ ದುಂಡನೆಯ ಗುರುತು ಉಳಿದಿತ್ತು. ಕೊಡದಿಂದ ತುಳುಕುವಂತೆ ನೀರು ತುಂಬಿ ಅವನ ಮುಂದೆ ಹಿಡಿದಳು.

"ನಿಮ್ಮ ಕೈಲೇ ಇಡ್ರಿ. ನೆಟ್ಟಗ."

ಅವನು ಇಟ್ಟ.

ಮಗಳು ಅಪ್ಪನ ಕಣ್ಣಲ್ಲಿ ಕಣ್ಣಿಟ್ಟಳು. "ಅಮೀನಸಾಬ್ರಿಗೂ ಬಿಟ್ಟುಕೊಡಲಿಲ್ಲ ನೀ. ಈಗ ಬಿಡ್ತೀಯೇನಪ್ಪಾ?"

ಅಣವೀರಪ್ಪ ತಂಬಿಗೆಯನ್ನು ನೋಡಿದ. ಮಗಳನ್ನು ನೋಡಿದ. ಅವಳು ಹೂಂ ಎಂದ ದಿನ ಈ ಮುಖವನ್ನು ಸರಿಯಾಗಿ ನೋಡಿರಲಿಲ್ಲವೆಂದು ಈಗ ಹೊಳೆಯಿತು. ರುಮಾಲು ಸರಿಪಡಿಸಿಕೊಂಡು, ಬೈಗುಳ ತಿನ್ನಲು ಸಿದ್ಧನಾದವನ ಹಾಗೆ ಬೇಲಿಯತ್ತ ಹೊರಟ.

"ತಪ್ಪು ನಂದು, ದೌಲಪ್ಪನವ್ರ," ಅವನ ದನಿ ಕೇಳಿಸಿತು. "ಆದ್ರ ಜಾಗಾ ತುಂಬ್ಯದ್ರೀ!"

ಮುಂದಿನ ಕೂಗಾಟ ಹೊಸ್ತಿಲಲ್ಲಿದ್ದ ಇಬ್ಬರಿಗೂ ಕೇಳಿಸಲಿಲ್ಲ.

"ಬಾಯಿ ಒಣಗ್ಯದ ನಿಮ್ಮದು. ನೀರು ಕುಡೀರಿ," ಎಂದಳು ನೀಲಗಂಗಮ್ಮ. ಕಣ್ಣೀರು ಅವಳ ಗಲ್ಲಕ್ಕೆ ಇಳಿದಿತ್ತು.

ಅವನು ತಂಬಿಗೆ ಮುಟ್ಟಲೂ ಹೆದರಿದ. "ಕುಡದ್ರ ಖಾಲಿ ಆಗ್ತದಲ್ಲ, ನೀಲಾ?"

"ಆಗಲಿ... ತುಂಬಾಕ ನಾ ಇದ್ದೀನಲ್ರೀ."