ಇಪ್ಪತ್ನಾಲ್ಕು ವೋಲ್ಟಿನ ಕಳವು

2001ರ ಮೇ 28, ಸೋಮವಾರ. ಬೆಳಿಗ್ಗೆ ಎಂಟರ ಸುಮಾರಿಗೆ ಹುಬ್ಬಳ್ಳಿಯ ಮಾರುಕಟ್ಟೆ ಠಾಣೆಗೆ ಬಂದ ಲಾರಿ ಮಾಲೀಕ ಗೌಸಮೊದ್ದೀನ, ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ನನ್ನ ಗಾಡಿ ಅಲ್ಟರ್ನೇಟರ್ ಬಿಚ್ಚಕೊಂಡು ಹೋಗ್ಯಾರ್ರಿ ಮೇಡಂ. ಉಳ್ಳಾಗಡ್ಡಿ ತುಂಬಿ ನಿಂತೈತಿ. ಇವತ್ತ ಗಾಡಿ ಹೊಂಡಲಿಲ್ಲಂದ್ರ ಮಾಲು ಕೊಳಿತೈತಿ."

ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದು ಅಲ್ಟರ್ನೇಟರಿನ ಕೆಲಸ. ಅದಿಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ, ದೀಪ ಆರುತ್ತದೆ, ಮರುದಿನ ಗಾಡಿ ಚಾಲೂ ಆಗುವುದಿಲ್ಲ.

"ಏನರ ಗುರ್ತು ಐತೇನು?" ಪಿಎಸ್‌ಐ ರಜನಿ ಕೇಳಿದರು.

"ಬೋಲ್ಟ್ ಹಾಕೋ ಒಂದು ಕಿವಿ ಮುರದಿತ್ತರಿ. ಹಿತ್ತಾಳಿ ಬೆಸಿಗಿ ಹಾಕ್ಸೇನಿ."

ಐಪಿಸಿ 379ರ ಅಡಿ ಎಫ್‌ಐಆರ್ ದಾಖಲಾಯಿತು. ರಜನಿ ಹೆಡ್ ಕಾನ್‌ಸ್ಟೇಬಲ್ ಹನುಮಂತಪ್ಪನವರನ್ನು ಕರೆದುಕೊಂಡು ಲಾರಿ ಅಡ್ಡೆಗೆ ಹೋದರು. ಸ್ಥಳ ಪಂಚನಾಮೆ ಬರೆಯುತ್ತ ಹೋದಂತೆ ಹನುಮಂತಪ್ಪನವರ ಹುಬ್ಬು ಮೇಲೇರತೊಡಗಿತು. ಬ್ಯಾಟರಿ ಇದ್ದಲ್ಲೇ ಇತ್ತು, ಡೀಸೆಲ್ ಮುಟ್ಟಿರಲಿಲ್ಲ. ಬಿಚ್ಚಿದ ಬೆಲ್ಟನ್ನು ಕಳ್ಳ ಮಡಚಿ ಸೀಟಿನ ಮೇಲಿಟ್ಟಿದ್ದ. ಕಡೆಗೆ ನೋಡಿದರೆ, ಖಾಲಿ ತಂತಿಗಳ ತುದಿ ಒಂದಕ್ಕೊಂದು ತಾಗಿ ಸುಡಬಾರದೆಂದು ಪ್ರತಿಯೊಂದಕ್ಕೂ ಟೇಪು ಸುತ್ತಿದ್ದ.

"ಭಾಳ ಮರ್ಯಾದಸ್ಥ ಕಳ್ಳ ಅದಾನ್ರಿ ಮೇಡಂ."

"ಕಳ್ಳ ಅಲ್ಲ, ಗಾಡಿ ಮೇಸ್ತ್ರಿ," ಎಂದರು ರಜನಿ. "ಬಾಜೂ ಗಾಡಿ ಯಾಕ ಮುಟ್ಟಿಲ್ಲ?"

ಉತ್ತರ ಕೊಟ್ಟವನು ಜೊತೆಗೆ ಬಂದಿದ್ದ ಗೌಸಮೊದ್ದೀನ. "ಅವೆಲ್ಲಾ ಹನ್ನೆರಡು ವೋಲ್ಟಿನವ್ರಿ. ನಂದೊಂದs ಇಪ್ಪತ್ನಾಲ್ಕು."

"ಇಪ್ಪತ್ನಾಲ್ಕು ಮತ್ತ ಯಾವುದಕ್ಕ ಬೇಕಾಗತೈತಿ?"

"ಕ್ರೇನ್‌ಗೆ, ಡೋಜರ್‌ಗೆ... ಅಂಥಾ ದೊಡ್ಡ ಮಶೀನಿಗ್ರಿ."

ಮಾರುವುದಕ್ಕಾಗಿ ಕದ್ದದ್ದಲ್ಲ, ಹಚ್ಚಿಕೊಳ್ಳುವುದಕ್ಕೆ ಕದ್ದದ್ದು ಎಂದು ರಜನಿಗೆ ಆಗಲೇ ಅನ್ನಿಸಿತ್ತು. ಆದರೂ ಕ್ರಮ ಬಿಡುವಂತಿಲ್ಲ. ಎರಡು ದಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದದ್ದಾಯಿತು. ಬುಧವಾರ ಗೋಕುಲ ರಸ್ತೆಯ ರಿಪೇರಿ ಅಂಗಡಿಗಳ ಸರದಿ. ಅಲ್ಲೊಂದು ಮಾಶಾಬಿಯದು. ಗಂಡ ತೀರಿದ ಮೇಲೆ ಡೈನಮೋಗೆ ತಂತಿ ಸುತ್ತುವ ಕೆಲಸವನ್ನು ಆಕೆಯೇ ನಡೆಸುತ್ತಿದ್ದಳು.

"ಹಿತ್ತಾಳಿ ಬೆಸಿಗಿ ಇದ್ದದ್ದು? ಬಂದಿತ್ತಲ್ರಿ, ನಿನ್ನೆ," ಎಂದಳು ಮಾಶಾಬಿ ತಂತಿ ಸುತ್ತುವುದನ್ನು ನಿಲ್ಲಿಸದೆ. "ವಯಸ್ಸಾದಾಂವ ತಂದಿದ್ದ. ತಲೀಗೆ ರುಂಬಾಲು. ಒಳಗ ಡಯೋಡ್ ಸುಟ್ಟಿದ್ವು. ಕಿಡಿ ಹಾರ್ಸಿದಿ ಏನ್ ಕಾಕಾ ಅಂತ ಕೇಳಿದೆ. ಹೌದವ್ವಾ ಅಂದ, ಪಾಪ."

"ಅಂದ್ರ?"

ಹಳೆಯ ಯಂತ್ರಗಳಲ್ಲಿ ಅಲ್ಟರ್ನೇಟರಿನ ಜಾಗದಲ್ಲಿ ಇರುತ್ತಿದ್ದದ್ದು ಡೈನಮೋ. ಅದನ್ನು ಕೂರಿಸಿದ ಮೇಲೆ ಬ್ಯಾಟರಿಯ ತಂತಿಯನ್ನು ಒಮ್ಮೆ ತಾಗಿಸಿ, ಕಿಡಿ ಹಾರಿಸಿ ಎಬ್ಬಿಸುವುದು ಹಳೆಯ ಮೇಸ್ತ್ರಿಗಳ ರೂಢಿ. ಅಲ್ಟರ್ನೇಟರಿಗೆ ಆ ಉಪಚಾರ ಮಾಡಿದರೆ ಒಳಗಿನ ಡಯೋಡ್ ಸುಟ್ಟು ಹೋಗುತ್ತದೆ. ಮಾಶಾಬಿ ಇದನ್ನೆಲ್ಲ ಹೇಳಿ, ತಾನು ಹೊಸ ಡಯೋಡ್ ಹಾಕಿ ಕೊಟ್ಟೆ ಎಂದಳು.

"ಹೆಸರು? ಊರು?"

"ಗಿರಾಕಿ ಜಾತಕ ಕೇಳ್ಕೊಂತ ಕುಂತ್ರ ಅಂಗಡಿ ನಡಿಯಾಂಗಿಲ್ರಿ. ಎರಡು ತಂಬಿಗಿ ನೀರು ಕುಡದ, ಅಷ್ಟ. ಎಷ್ಟ ಸಿಹಿ ಅದಾವವ್ವಾ ನಿಮ್ಮ ನೀರು ಅಂದ. ನಳದ ನೀರಿಗೆ ಯಾರರ ಹಂಗಂತಾರೇನ್ರಿ?"

ರಜನಿ ಕೈಲಿದ್ದ ಚಹಾ ಕೆಳಗಿಟ್ಟರು. ಅವರ ತವರು ಅಣ್ಣಿಗೇರಿ ಕಡೆ. ಆ ಎರೆನೆಲದಲ್ಲಿ ಬೋರು ಕೊರೆದರೆ ಬರುವುದು ಸವಳು ನೀರು, ಬಾಯಿಗಿಡಲಾಗದು. ವರ್ಷವಿಡೀ ಕುಡಿಯಲು ಊರ ಕೆರೆಯೇ ಗತಿ. ಹುಬ್ಬಳ್ಳಿಯ ನಳದ ನೀರನ್ನು ಸಿಹಿ ಎನ್ನುವವನು ಆ ಕಡೆಯವನೇ. ತಹಶೀಲ್ದಾರ ಕಚೇರಿಗೆ ಫೋನು ಮಾಡಿ, ಆ ದಿಕ್ಕಿನಲ್ಲಿ ಡೈನಮೋ ಕಾಲದ ಹಳೆಯ ಡೋಜರ್ ಎಲ್ಲಾದರೂ ಕೆಲಸ ಮಾಡುತ್ತಿದೆಯೇ ಎಂದು ವಿಚಾರಿಸಿದರು. ಶಿರಗುಪ್ಪಿಯಲ್ಲಿ ಅಂಥದ್ದೊಂದರಿಂದ ಕೆರೆಯ ಹೂಳು ತೆಗೆಯುತ್ತಿದ್ದಾರೆ ಎಂಬ ಉತ್ತರ ಬಂತು.

ಮೇ 31, ಗುರುವಾರ. ಗ್ರಾಮೀಣ ಠಾಣೆಗೆ ತಿಳಿಸಿ, ಮಾಲು ಗುರುತಿಸಲು ಗೌಸಮೊದ್ದೀನನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಮಧ್ಯಾಹ್ನ ಶಿರಗುಪ್ಪಿ ತಲುಪಿದರು. ಪಶ್ಚಿಮಕ್ಕೆ ಮೋಡ ಕಪ್ಪಾಗಿತ್ತು. ಬತ್ತಿದ ಕೆರೆ ಆಳವಾಗಿ, ಚೊಕ್ಕಟವಾಗಿ ತೋಡಿಸಿಕೊಂಡು ಕೂತಿತ್ತು. ಆದರೆ ಒಡ್ಡಿನ ನಡುವೆ ಎರಡು ಟ್ರ್ಯಾಕ್ಟರು ಒಟ್ಟಿಗೆ ನುಗ್ಗುವಷ್ಟು ಬಾಯಿ ತೆರೆದಿತ್ತು. ಅದನ್ನು ಮುಚ್ಚಲು ಹಳದಿ ಬಣ್ಣ ಉದುರಿದ ಡೋಜರೊಂದು ಮಣ್ಣು ತಳ್ಳುತ್ತಿತ್ತು.

ಪೊಲೀಸರನ್ನು ಕಂಡ ಚಾಲಕ ಓಡಲಿಲ್ಲ. ಎಂಜಿನ್ ನಿಲ್ಲಿಸಿ ಇಳಿದು ಬಂದ. ಅರವತ್ತು ದಾಟಿದ ಬೀರಲಿಂಗಪ್ಪ, ತಲೆಗೆ ರುಂಬಾಲು.

ಗೌಸಮೊದ್ದೀನ ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಹಳೆಯ ಸ್ಪ್ರಿಂಗಿನ ಕಮಾನುಪಟ್ಟಿ ಕತ್ತರಿಸಿ ಮಾಡಿದ ಬ್ರಾಕೆಟ್ಟಿನ ಮೇಲೆ ಅಲ್ಟರ್ನೇಟರ್ ಕೂತಿತ್ತು. ಕಿವಿಯಲ್ಲಿ ಹಿತ್ತಾಳೆ ಹೊಳೆಯುತ್ತಿತ್ತು.

"ನಂದs ಮೇಡಂ."

"ನೀನs ತಗೊಂಡಿಯೇನು?" ರಜನಿ ಕೇಳಿದರು.

"ಹೌದ್ರಿ."

"ಯಾಕ?"

"ಒಡ್ಡು ಕಡದಾಂವ ನಾನ್ರಿ. ಹೂಳು ಹೇರಾಕ ಟ್ರ್ಯಾಕ್ಟರ್ ಇಳೀಬೇಕಾಗಿತ್ತು. ಹಿರ್ಯಾರು ಬ್ಯಾಡ ಅಂದ್ರು. ಮಳಿಗಿಂತ ಮೊದಲ ಮುಚ್ಚತೇನಿ ಅಂತ ಮಾತು ಕೊಟ್ಟು ಕಡದೆ. ಹಿಂದಾಗಡೆ ಡೈನಮೋ ಹೋತು. ಹುಬ್ಬಳ್ಳಿ ಎಲ್ಲಾ ಹುಡಕೇನ್ರಿ. ಅಂಥಾ ಡೈನಮೋ ಈಗ ಬರೂದs ಇಲ್ಲ, ಪುಣೆದಿಂದ ಅಲ್ಟರ್ನೇಟರ್ ತರಸಬೇಕು, ಹದಿನೈದು ದಿನ ಬೇಕು ಅಂದ್ರು. ತರಸಾಕ ಹಚ್ಚೇನಿ. ಆದ್ರ ರೋಹಿಣಿ ಮಳಿ ತಡೀಬೇಕಲ್ರಿ? ಹೊಸಾದು ಬಂದ ಮ್ಯಾಲೆ ಇವರದನ್ನ ಇವರ ಗಾಡಿಗೆ ಹಚ್ಚಿ ಬರಾಂವ ಇದ್ದೆ."

"ಎಲ್ಲಾ ಕಳ್ಳರೂ ಹಂಗs ಅಂತಾರ," ಎಂದರು ರಜನಿ. ಆದರೆ ಟೇಪು ಸುತ್ತಿದ ತಂತಿಗಳು ಅವರ ಕಣ್ಣ ಮುಂದೆ ಬಂದವು.

"ನನ್ನ ಅರ್ಧ ಮಾಲು ಕೊಳಿತು," ಎಂದ ಗೌಸಮೊದ್ದೀನ ಸಿಟ್ಟಿನಿಂದ. "ಕೇಳಿದ್ರ ಕೊಡ್ತಿದ್ದಿಲ್ಲೇನು ನಾ?"

ಬೀರಲಿಂಗಪ್ಪ ತಲೆ ಎತ್ತಿ ನೋಡಿದ. "ಕೊಡ್ತಿದ್ರೇನ್ರಿ?"

ಗೌಸಮೊದ್ದೀನ ಮತ್ತೆ ಬಾನೆಟ್ಟಿನ ಕಡೆ ತಿರುಗಿದ. ಕೊಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಒಡ್ಡಿನ ಮೇಲೆ ಊರು ಸೇರತೊಡಗಿತು. ಶಿವಲಿಂಗವ್ವ ಎಂಬ ಮುದುಕಿ ರಜನಿಯ ಎದುರು ನಿಂತಳು. "ಮಗಳs, ಈ ಬಾಯಿ ಮುಚ್ಚಲಿಲ್ಲಂದ್ರ ಬಂದ ಮಳಿ ಎಲ್ಲಾ ಹಳ್ಳಕ್ಕ ಹೋಗತೈತಿ. ವರ್ಷಪೂರ್ತಿ ನಾವು ಸವಳು ನೀರು ಕುಡೀಬೇಕು."

ಸವಳು ನೀರಿನಲ್ಲಿ ಬೇಯದ ಬೇಳೆಯ ರುಚಿ ರಜನಿಯ ನಾಲಿಗೆಗೆ ಗೊತ್ತು. ಕದ್ದ ಮಾಲನ್ನು ಜಪ್ತಿ ಮಾಡದೆ ಬಿಡುವ ಅಧಿಕಾರ ಮಾತ್ರ ಅವರಿಗಿಲ್ಲ.

"ಬಿಚ್ಚು," ಎಂದರು.

ಬೀರಲಿಂಗಪ್ಪ ಎದುರಾಡದೆ ಬಿಚ್ಚಿದ. ತಂತಿಗಳಿಗೆ ಟೇಪು ಸುತ್ತಿದ. ಅಲ್ಟರ್ನೇಟರನ್ನು ರುಂಬಾಲಿನಿಂದ ಒರೆಸಿ, ಮಾಲೀಕನಿಗೆ ಕೈಮುಗಿದು, ಹನುಮಂತಪ್ಪನವರ ಮುಂದಿಟ್ಟ. ಆಮೇಲೆ ಮೋಡ ನೋಡಿ ಮೆಲ್ಲಗೆ ಹೇಳಿದ.

"ಎರಡು ದಿನ ಓಡಿ ಬ್ಯಾಟರಿ ತುಂಬೈತ್ರಿ. ಇದು ಡೀಸೆಲ್ ಎಂಜಿನ್. ಒಮ್ಮೆ ಚಾಲೂ ಆತಂದ್ರ ಕರೆಂಟ್ ಬೇಡಂಗಿಲ್ಲ. ನಿಲ್ಲಸದ ಹೊಡದ್ರ ಸಂಜೀಕ ಒಡ್ಡು ಮುಗೀತೈತಿ. ನಡಸಾಕ ನಾ ಒಬ್ಬವನs ಇರೋದು."

ಗೌಸಮೊದ್ದೀನ ಕೆರೆಯ ತಳ ನೋಡಿದ, ಕೊಡ ಹಿಡಿದು ನಿಂತ ಹೆಂಗಸರನ್ನು ನೋಡಿದ. "ಡೋಜರ್ ನಡಸಾಕ ಬರತಿದ್ರ ನಾನs ಹೊಡೀತಿದ್ದೆ, ಏನ್ ಮಾಡ್ಲಿ," ಎಂದು ಗೊಣಗಿ, ರಜನಿಯ ಕಡೆ ತಿರುಗಿದ. "ಮೇಡಂ, ಜಪ್ತಿ ಪಂಚನಾಮಾ ಬರಿಯಾಕ ಎಷ್ಟೊತ್ತು ಬೇಕು?"

ರಜನಿ ಹನುಮಂತಪ್ಪನವರನ್ನು ನೋಡಿದರು. ಠಾಣೆಯಲ್ಲಿ ಅವರಷ್ಟು ಬೇಗ ಬರೆಯುವವರು ಇನ್ನೊಬ್ಬರಿಲ್ಲ.

"ಅಕ್ಷರ ಛಲೋ ಬರಬೇಕಂದ್ರ ಸಂಜೀತನ ಆಗತೈತ್ರಿ," ಎಂದರು ಹನುಮಂತಪ್ಪ, ಪೆನ್ನಿನ ಟೋಪಿ ನಿಧಾನಕ್ಕೆ ತೆಗೆಯುತ್ತ.

ಡೋಜರ್ ಒಂದೇ ಸಲಕ್ಕೆ ಚಾಲೂ ಆಯಿತು. ಒಡ್ಡಿನ ಮೇಲೆ ಹನುಮಂತಪ್ಪನವರು ಒಂದನೇ ಇಯತ್ತೆಯ ಹುಡುಗನ ಹಾಗೆ ಅಕ್ಷರ ತಿದ್ದಿದರು. ಇಡೀ ಊರು ಮಣ್ಣು ತುಳಿದು ಗಟ್ಟಿ ಮಾಡಿತು. ಬಾಯಿ ಮುಚ್ಚಿದ ಮೇಲೆ ಬೀರಲಿಂಗಪ್ಪ ಇಳಿದು ಬಂದು, ರುಂಬಾಲು ಬಿಚ್ಚಿ ಹೆಗಲಿಗೆ ಹಾಕಿ ನಿಂತ. ಬಂಧನದ ಸಮಯ ಸಂಜೆ 6.10 ಎಂದು ದಾಖಲಾಯಿತು. ಜೀಪು ಗದಗ ರಸ್ತೆ ಸೇರುವ ಹೊತ್ತಿಗೆ ಗಾಜಿನ ಮೇಲೆ ಹನಿ ಬಿತ್ತು. ಹಿಂದಿನ ಸೀಟಿನಲ್ಲಿ ಆರೋಪಿ ನಗುತ್ತಿದ್ದ. ಯಾರೂ ಅವನನ್ನು ಗದರಿಸಲಿಲ್ಲ.

ಮರುದಿನ ಬೀರಲಿಂಗಪ್ಪನಿಗೆ ಜಾಮೀನಾಯಿತು. ಮುಂದೆ ಅವನು ತಪ್ಪೊಪ್ಪಿಕೊಂಡಾಗ ನ್ಯಾಯಾಲಯ ಸನ್ನಡತೆಯ ಬಾಂಡು ಬರೆಸಿಕೊಂಡು ಬಿಟ್ಟಿತು. ಕೊಟ್ಟ ಮಾತೊಂದನ್ನು ಉಳಿಸಿಕೊಳ್ಳಲು ಕದ್ದವನು, ಅದಕ್ಕೆ ಮೊದಲೂ ಆಮೇಲೂ ಏನನ್ನೂ ಕದ್ದದ್ದಿಲ್ಲ. ಜಪ್ತಿಯಾದದ್ದಕ್ಕೆ ಬದಲಾಗಿ, ಪುಣೆಯಿಂದ ಬಂದ ಹೊಸ ಅಲ್ಟರ್ನೇಟರನ್ನು ತಾನೇ ಗೌಸಮೊದ್ದೀನನ ಲಾರಿಗೆ ಹಚ್ಚಿಕೊಟ್ಟ. ಕಿಡಿ ಹಾರಿಸಲಿಲ್ಲ.

ದೀಪಾವಳಿಯ ಆಸುಪಾಸಿನಲ್ಲಿ ಗೌಸಮೊದ್ದೀನ ಠಾಣೆಗೆ ಬಂದ. ಕೈಯಲ್ಲೊಂದು ಕ್ಯಾನು. ಈಗ ಗದಗ ಕಡೆ ಹೋದಾಗಲೆಲ್ಲ ಶಿರಗುಪ್ಪಿಯಲ್ಲಿ ಲಾರಿ ನಿಲ್ಲಿಸುತ್ತಾನಂತೆ.

"ಶಿವಲಿಂಗವ್ವ ಕೊಟ್ಟಾಳ್ರಿ. ಕೆರಿ ನೀರು. ಮೇಡಂಗ ಕುಡಸು ಅಂದಾಳ."

ರಜನಿ ಒಂದು ಲೋಟ ಬಗ್ಗಿಸಿ ಪೂರ್ತಿ ಕುಡಿದರು. ಇನ್ನೊಂದು ಲೋಟ ತುಂಬಿ ಹನುಮಂತಪ್ಪನವರಿಗೆ ಕೊಟ್ಟರು.

"ಸಿಹಿ ಅದಾವು, ಕುಡೀರಿ."