ಗವಿಯಮ್ಮನಿಗೆ ಬೆನ್ನು ತೋರಿಸದವರು

ಇವನಾ?!

ಗವಿಯ ಬಾಯಲ್ಲಿ ಬಗ್ಗಿ ನಿಂತಿದ್ದ ದುರ್ಗಾಂಬಿಕಾ, ಒಳಗಿನಿಂದ ಟಾರ್ಚ್ ಹಿಡಿದು ಬಂದ ಪೂಜಾರಿಯ ಮುಖ ಕಂಡವಳೇ ಥಟ್ಟನೆ ಸೆಟೆದಳು. ನೆತ್ತಿ ಬಂಡೆಗೆ ಬಡಿಯಿತು. ನೋವಿಗಿಂತ, ಇವನೆದುರು ಹೀಗಾಯಿತಲ್ಲ ಅನ್ನುವುದೇ ಹೆಚ್ಚು ಉರಿಯಿತು.

ಮಾರುತೇಶ್! ಹೋದ ವರ್ಷ ಹೆಣ್ಣು ನೋಡಲು ಅವಳ ಊರು ಸೊಕ್ಕೆಗೆ ಬಂದು, ಬಾಗಿಲ ಸಂದಿಯಿಂದ ಕಂಡು ಒಳಗೊಳಗೇ ಮೆಚ್ಚಿದ್ದ ಅವಳು ಕಾಫಿ ಹಿಡಿದು ಹೊಸಿಲು ದಾಟುವ ಮೊದಲೇ ಎದ್ದು ಹೋದ ಮಹಾನುಭಾವ. ಒಂದು ಮಾತಿಲ್ಲ, ಒಂದು ನೆಪವಿಲ್ಲ. 'ಹುಡುಗಿ ಮುಖ ನೋಡಾಕೂ ಧೈರ್ಯ ಬರಲಿಲ್ಲವಂತೆ ಪಾಪ!' ಅಂತ ಊರು ಎಷ್ಟು ದಿನ ಆಡಿಕೊಂಡು ನಕ್ಕಿತ್ತು!

"ಏನ್ರೀ, ನ್ಯಾಮತೀಲಿ ಮೋಟಾರ್ ರಿಪೇರಿ ಅಂಗಡಿ ಮುಚ್ಚಿತಾ? ಈಗ ಪೂಜಾರಿಕೆನಾ?"

ಅವನ ಮುಖವೂ ಗಂಟಾಯಿತು. "ಅಪ್ಪನ ಮೊಣಕಾಲು ಬಾತೈತೆ. ಈ ವಾರ ಪೂಜೆ ನಮ್ಮನೆ ಸರದಿ. ನೀವು ಬರೋದು ಗೊತ್ತಿದ್ರೆ ಬೇರೆ ಯಾರನ್ನಾದ್ರೂ ಕಳಿಸ್ತಿದ್ದೆ."

"ಓಡೋದು ನಿಮಗೆ ಅಭ್ಯಾಸ ಅಲ್ವಾ? ಓಡ್ರಿ, ಅಡ್ಡ ನಿಂತಿಲ್ಲ ಯಾರೂ."

"ಅಂಬೀ!" ಹುಣಸೆ ಮರದ ಕೆಳಗೆ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಅಜ್ಜಮ್ಮ ಅಲ್ಲಿಂದಲೇ ಕೂಗಿದಳು. "ಜಗಳ ಆಮೇಲೆ ಆಡು! ನಾಳೆ ಹೊನ್ನಾಳಿಯೋರು ನಿಶ್ಚಯ ಮಾಡಾಕೆ ಬರ್ತಾರೆ. ಮೊದಲು ಅಮ್ಮನ ಮುಂದೆ ಮಾತು ಕೊಟ್ಟು ಬಾ!"

ಅವರ ಮನೆತನದ ಪದ್ಧತಿ ಅದು. ಗಂಡನ್ನು ಒಪ್ಪಿದ ಹುಡುಗಿ ಸೊಕ್ಕೆಯಿಂದ ಉಬ್ರಾಣಿ ಕಡೆಯ ಈ ಗುಡ್ಡಕ್ಕೆ ಬಂದು, ನೆಲದಾಳದಲ್ಲಿ ಕೂತ ಗವಿಯಮ್ಮನಿಗೆ ಮಡಿಲಕ್ಕಿ ತುಂಬಿ, ತನ್ನ ಒಪ್ಪಿಗೆಯನ್ನು ತನ್ನ ಬಾಯಿಂದಲೇ ಹೇಳಬೇಕು. ಅಲ್ಲಿ ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳುವಂತಿಲ್ಲ. ಅಜ್ಜಿಯೂ ಹೇಳಿದ್ದಳು, ಅಮ್ಮನೂ ಹೇಳಿದ್ದಳು.

ಹೇಳ್ತೀನಿ! ಇವನ ಕಿವಿಗೆ ಬೀಳೋ ಹಂಗೆ ಹೇಳ್ತೀನಿ!

ಆದರೆ ಅವನ ಹಿಂದೆ ಗವಿಯೊಳಗಿಳಿದು, ದೀಪ ಹಚ್ಚಿ, ಅಕ್ಕಿ ಸುರಿದು, ಕೈ ಮುಗಿದು ಬಾಯಿ ತೆರೆದರೆ... ಹೊನ್ನಾಳಿಯ ವಿನಯ್ ಕುಮಾರನ ಹೆಸರು ಹೊರಗೆ ಬರಲೇ ಇಲ್ಲ.

"ಕಿವಿ ಮುಚ್ಕೊಳ್ರಿ ನೀವು."

"ಪೂಜಾರಿ ಕೇಳಿಸ್ಕೋಬೇಕು. ಸಾಕ್ಷಿ ಅದು."

"ನಿಮ್ಮ ಸಾಕ್ಷಿ ಯಾವ ನಾಯಿಗೆ ಬೇಕು!"

ಮಾತು ಕೊಡದೆಯೇ ಅವಳು ಎದ್ದಳು. ಎದ್ದವಳು ತಿರುಗಲಿಲ್ಲ. ದೇವಿಯನ್ನೇ ನೋಡುತ್ತ ಹಿಂದ್ಹಿಂದಕ್ಕೆ ಹೆಜ್ಜೆ ಇಡತೊಡಗಿದಳು.

"ಇದೇನು ನಾಟಕ?" ಅವನು ನಕ್ಕ.

"ಅಮ್ಮನಿಗೆ ಬೆನ್ನು ತೋರಿಸಬಾರದು. ನಮ್ಮಜ್ಜಿ ಹೊರಗಿನ ಬೆಳಕು ಮೈಮೇಲೆ ಬೀಳೋವರೆಗೂ ಹಿಂಗೇ ಬರ್ತಿದ್ಲು. ಪೂಜಾರಿ ಮಗನಿಗೆ ಅಷ್ಟೂ ಗೊತ್ತಿಲ್ಲ, ಥೂ!"

ಅದು ಅವನಿಗೆ ಚುಚ್ಚಿತು. ಭಕ್ತೆಗಿಂತ ಪೂಜಾರಿ ಕಡಿಮೆಯಾಗುವುದುಂಟೆ? ಅವನೂ ಹಿಮ್ಮುಖನಾದ! ಹಿಂದುಮುಂದಾಗಿ ಹೂಡಿದ ಎತ್ತುಗಳ ಹಾಗೆ ಇಬ್ಬರೂ ಬಗ್ಗಿಕೊಂಡು, ಒಬ್ಬರ ಮೊಣಕೈ ಒಬ್ಬರಿಗೆ ತಾಕದಂತೆ ಎಚ್ಚರವಹಿಸಿ, ಬೈದಾಡುತ್ತ ಸರಿದರು. ಬೈಗುಳದ ಬಿಸಿಯಲ್ಲಿ ದಾರಿ ಎಷ್ಟು ಸವೆಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ಸ್ಸ್... ಅಮ್ಮಾ!" ಅವಳ ಹಿಮ್ಮಡಿಗೆ ಕಲ್ಲು ಹೊಕ್ಕಿತು. ಮರುಕ್ಷಣ ಬೆನ್ನು ತಣ್ಣನೆಯ ಗೋಡೆಗೆ ತಾಕಿತು.

ಟಾರ್ಚ್ ತಿರುಗಿತು. ಮುಂದೆ ದಾರಿಯೇ ಇಲ್ಲ! ತಲೆ ಮೇಲೆ ಬಾವಲಿಗಳು ಬುರ್ರೆಂದವು. ಮೊಬೈಲ್ ತೆಗೆದರೆ ಸಿಗ್ನಲ್ ಇಲ್ಲ.

"ಎಲ್ಲಿಗೆ ಕರ್ಕೊಂಡು ಬಂದ್ರಿ?"

"ನಾನಾ? ಹಿಂದಕ್ಕೆ ನಡೆದೋರು ಯಾರು?"

"ಜೊತೇಲಿ ನಡೆದೋರು ಯಾರು?"

ಅಜ್ಜಿಯ ಕಥೆಗಳಲ್ಲಿ ಪಾತಾಳಕ್ಕಿಳಿದ ರಾಜಕುಮಾರನ ಸೊಂಟದಲ್ಲಿ ಮಿಂಚುವ ಕತ್ತಿ ಇರುತ್ತಿತ್ತು. ಇವನ ಜೇಬಲ್ಲಿ ಕರೆಂಟ್ ಟೆಸ್ಟರ್! ಅಂಬಿಗೆ ಅಳು ಬಂತು. ಇವನೆದುರು ಅಳೋದಾ? ಸತ್ತರೂ ಇಲ್ಲ.

"ನಿಮ್ಮ ಜೊತೆ ಇಲ್ಲಿ ಸಾಯೋಕಿಂತ ಬಾವಿಗೆ ಹಾರೋದು ವಾಸಿ!"

ಟಾರ್ಚ್ ಹಿಡಿದ ಅವನ ಕೈ ನಿಧಾನವಾಗಿ ಕೆಳಗಿಳಿಯಿತು.

"ಅವತ್ತೂ ಇದನ್ನೇ ಅಂದ್ರಿ ನೀವು."

"ಯಾವತ್ತು?"

"ನಿಮ್ಮನೇಲಿ. ನಡುಮನೆ ಗೋಡೆ ಆಚೆ. 'ಈ ಮದುವೆ ಬೇಡ, ಬಲವಂತ ಮಾಡಿದ್ರೆ ಬಾವಿಗೆ ಹಾರ್ತೀನಿ' ಅಂತ ಬಿಕ್ಕಿ ಬಿಕ್ಕಿ ಅಳ್ತಿದ್ರಿ. ಹುಡುಗಿಗೆ ಇಷ್ಟ ಇಲ್ಲ ಅಂತ ನಾನು ಬಾಯಿ ಬಿಟ್ಟಿದ್ರೆ ನಿಮ್ಮನ್ನ ಸುಮ್ನೆ ಬಿಡ್ತಿದ್ರಾ? ಅದಕ್ಕೇ ಎದ್ದು ಹೋದೆ. ಬೈಗಳ ನನ್ನ ತಲೆ ಮೇಲೇ ಬೀಳಲಿ ಅಂತ. ಅಪ್ಪ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ."

ಅಂಬಿ ನೆನಪು ಕೆದಕಿದಳು. ಬಾವಿ... ಬಿಕ್ಕಿ ಬಿಕ್ಕಿ ಅಳು...

"ಅಯ್ಯೋ ಪೆದ್ದರಾಯ! ಅದು ನಾನಲ್ಲ, ಏಳು ಹೆಡೆ ಹಾವಿಗೆ ಕೊಡಬೇಕಿದ್ದ ರಾಜಕುಮಾರಿ!"

"ಯಾ... ಯಾರು?"

"ಕಥೆ ರೀ, ಕಥೆ! ಅಕ್ಕನ ಮಗಳು ಆಶಾ ಸೆರಗು ಹಿಡ್ಕೊಂಡು ಬಿಡ್ತಿರಲಿಲ್ಲ, ಕಥೆ ಹೇಳಿ ಕೂರಿಸ್ತಿದ್ದೆ. ರಾಜಕುಮಾರಿ ಅತ್ತರೆ ಹೇಳೋರ ಕಣ್ಣಲ್ಲೂ ನೀರು ಬರಬೇಕು ಅಂತ ಅಜ್ಜಿ ಕಲಿಸಿದ್ದು!"

"ಗಂಡಿನ ಕಡೆಯೋರು ಬಂದು ಕೂತಿರೋವಾಗ ಯಾರ್ರೀ ಕಥೆ ಹೇಳ್ತಾರೆ?"

"ಕಾಫಿಗೆ ಹಾಲು ಇನ್ನೂ ಕಾದಿರಲಿಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ನುಂಗುವಂತೆ ನೋಡಿದರು. ಒಂದು ವರ್ಷ! ಒಂದು ವರ್ಷದ ಅವಮಾನ, ಊರಿನ ನಗು, ತಲೆದಿಂಬಿಗೆ ಮುಖ ಒತ್ತಿ ಅತ್ತ ಅಳು... ಎಲ್ಲವೂ ಕಾಯದ ಹಾಲಿಗಾ?

"ಒಂದು ಮಾತು ನನ್ನನ್ನೇ ಕೇಳಬಾರದಿತ್ತಾ?"

"ಕೇಳಬೇಕಿತ್ತು." ಅವನು ತಲೆ ತಗ್ಗಿಸಿದ. "'ನೀವು ಬೇಡ' ಅಂತ ನಿಮ್ಮ ಬಾಯಿಂದಲೇ ಬಂದುಬಿಟ್ರೆ ಅಂತ ಹೆದರಿದೆ. ಆ ಸಂಬಂಧ ಕೇಳಿಸಿದ್ದೇ ನಾನು ರೀ. ಜಗಳೂರಲ್ಲಿ ನೀವು ಪಾಠ ಮಾಡೋ ಶಾಲೆ ಬೋರ್‌ವೆಲ್ ಮೋಟಾರ್ ಎತ್ತಾಕೆ ಬಂದಿದ್ದೆ. ನೀವು ಕಥೆ ಹೇಳ್ತಾ ಮಕ್ಕಳ ಮುಂದೆ ರಾಕ್ಷಸನ ಹಂಗೆ ಗರ್ಜಿಸ್ತಿದ್ರಿ. ಮೋಟಾರ್ ಅರ್ಧಕ್ಕೆ ಬಿಟ್ಟು ಕಿಟಕಿ ಹತ್ರ ನಿಂತುಬಿಟ್ಟಿದ್ದೆ."

ಅವಳ ಎದೆಯೊಳಗೆ ಏನೋ ಹಗುರವಾಗಿ ಜಾರಿತು. ಆದರೆ ನಾಲಿಗೆ ಅಷ್ಟು ಸುಲಭಕ್ಕೆ ಸೋಲುವುದಲ್ಲ.

"ಗರ್ಜಿಸೋದನ್ನ ಕಣ್ಣಾರೆ ನೋಡಿದೋರು, ಅಳೋದನ್ನ ಮಾತ್ರ ನಿಜ ಅಂದ್ಕೊಂಡ್ರಾ?"

"...ಅದೇ ನೋಡ್ರಿ."

"ತಲೆ ಅನ್ನೋದು ಐತಾ ನಿಮಗೆ?"

"ಇದ್ದಿದ್ರೆ ನಿಮ್ಮ ಜೊತೆ ಹಿಂದಕ್ಕೆ ನಡೀತಿದ್ನಾ?"

ಅವಳಿಗೆ ನಗು ಬಂತು. ತಡೆದರೂ ನಿಲ್ಲಲಿಲ್ಲ. ನಗುತ್ತಲೇ ನೆಲಕ್ಕೆ ಊರಿದ ಹಿಮ್ಮಡಿ ಮತ್ತೆ ಚುರುಕ್ಕೆಂದಿತು. ಆಗ ಹೊಳೆಯಿತು!

"ತಾಳ್ರಿ! ಬರೋವಾಗ ನೆಲ ನುಣ್ಣಗಿತ್ತು. ಎಷ್ಟೋ ಕಾಲದಿಂದ ಹೆಂಗಸರು ಬರಿಗಾಲಲ್ಲಿ ನಡೆದು ಸವೆಸಿದ ನೆಲ. ಇಲ್ಲಿ ಬರೀ ಚೂಪುಗಲ್ಲು... ಇದು ಯಾರೂ ತುಳಿಯದ ದಾರಿ!"

"ಹಂಗಾದ್ರೆ ಎಲ್ಲೋ ಕವಲು ಐತೆ," ಅವನು ಟಾರ್ಚ್ ಎತ್ತಿದ. "ಒಳಗೆ ಬರೋವಾಗ ಅದು ನಮ್ಮ ಬೆನ್ನ ಹಿಂದಿತ್ತು, ಕಾಣಲಿಲ್ಲ. ಹಿಂದಕ್ಕೆ ಬರೋವಾಗ ನೋಡದೇ ಅದರೊಳಗೇ ಇಳಿದಿದ್ದೀವಿ."

ಈ ಸಲ ಮುಖ ಮುಂದೆ ಮಾಡಿ ನಡೆದರು. ಅವಳು ಕುಂಟುತ್ತ, ಪಾದದಿಂದ ನೆಲ ಸವರುತ್ತ. ಅವನು ಬಂಡೆಗೆ ಅವಳ ತಲೆ ತಾಕದಂತೆ ಅಂಗೈ ಅಡ್ಡ ಹಿಡಿದು. ಕಾಲ ಕೆಳಗೆ ನುಣುಪು ನೆಲ ಸಿಕ್ಕಿದ್ದೇ ಅವಳು ನಿಂತಳು. ಎಡಕ್ಕೆ ದೀಪದ ಮಂಕು ಬೆಳಕು, ದೇವಿ. ಬಲಕ್ಕೆ ಹೊರಗಾಳಿ.

"ನಿಮ್ಮ ಮಾತು ಹೇಳೋದು ಬಾಕಿ ಐತೆ," ಅವನು ಒಣಗಿದ ಸ್ವರದಲ್ಲಿ ಅಂದ. "ಹೊನ್ನಾಳಿಯೋರ ವಿಷಯ. ಹೋಗ್ತೀರಾ?"

ಅವಳು ಬಲಕ್ಕೆ ತಿರುಗಿದಳು.

ಹೊರಗೆ ಬಂದವಳೇ ಮೊಬೈಲ್ ತೆಗೆದಳು. "ವಿನಯ್ ಕುಮಾರ್ ಅವರಾ? ನಾಳೆ ಬರಬೇಡ್ರಿ. ನಿಮ್ಮ ತಪ್ಪಿಲ್ಲ. ಇನ್ನೊಬ್ಬರ ಹೊಟ್ಟೆ ಉರಿಸಾಕೆ ನಿಮಗೆ ಹೂಂ ಅಂದಿದ್ದೆ. ಅಂಥವಳನ್ನ ನೀವು ಕಟ್ಕೋಬಾರದು... ಕ್ಷಮಿಸ್ರಿ."

ಅಜ್ಜಮ್ಮನ ಕುಟ್ಟಾಣಿ ನಿಂತಿತು. ಅವಳು ಮಾರುತೇಶನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಇವನ್ನ ಉರಿಸಾಕಾ? ಕೆಸರಲ್ಲಿ ಹೊರಳಿದ ಎಮ್ಮೆಗರು ಹಂಗವನಲ್ಲೇ!"

"ಬುದ್ಧೀನೂ ಅಷ್ಟೇ ಅಜ್ಜಿ."

"ನಿಮ್ಮಪ್ಪನಿಗೆ ನೀನೇ ಹೇಳ್ಕೋ. ನಾನಂತೂ ಕಿವುಡಿ," ಅಂತ ಮುದುಕಿ ಆ ಕಡೆ ತಿರುಗಿ ಕೂತಳು.

ಮಾರುತೇಶ್ ತಂಬಿಗೆಯಲ್ಲಿ ನೀರು ತಂದ. ಮಂಡಿಯೂರಿ ಅವಳ ಹಿಮ್ಮಡಿಯ ರಕ್ತ ತೊಳೆದ. ತಲೆ ಎತ್ತಲಿಲ್ಲ.

"ನಾನು... ನಾಳೆ ಅಪ್ಪನ್ನ ಕರ್ಕೊಂಡು ಸೊಕ್ಕೆಗೆ ಬರಲಾ?"

"ನನ್ನ ಕಾಲನ್ನ ಕೇಳ್ತಿದೀರಾ?"

ಅವನು ಮುಖ ಎತ್ತಿದ. ಕಣ್ಣು ತುಂಬಿತ್ತು.

"ಅಂಬಿ, ನಿಮಗೆ ನಾನು ಇಷ್ಟನಾ?"

ಇಷ್ಟು ಚಿಕ್ಕ ಪ್ರಶ್ನೆ! ಇದಕ್ಕಾಗಿ ಒಂದು ವರ್ಷ ಕಾದಿದ್ದೆನಾ ನಾನು?

"ನಿಮ್ಮಂಥ ದಡ್ಡರನ್ನ ಇನ್ಯಾರು ಇಷ್ಟಪಡ್ತಾರೆ ರೀ..." ಅವಳು ಅವನ ಹಣೆಯ ಮಣ್ಣನ್ನು ಸೆರಗಿನಿಂದ ಒರೆಸಿದಳು. "ನಾನಲ್ಲದೆ."